ಬಾಟ್ಲಿ ಒಡೆಯುವ ಬುಧವಾರ

"ಏ ಕುರುಬರಾಕಿ, ಕಟ್ಟಿ ಇಳದು ನಿಂದ್ರು. ಆ ಕಂಬಳಿ ನಾತಕ್ಕ ಕುಡದ ಚಾ ಬಾಯಿಗೆ ಬರಾಕತ್ತೈತಿ."

ನರ್ಸಬಾಯಿ ಮೂಗಿಗೆ ಸೆರಗು ಹಿಡಿದಿದ್ದಳು. ರೇಣವ್ವ ದವಾಖಾನೆಯ ಕಟ್ಟೆ ಇಳಿದು ಬಿಸಿಲಿನಲ್ಲಿ ನಿಂತಳು. ನಾತ ಬರುವುದು ಖರೆಯೇ ಇರಬೇಕು. ಹುಟ್ಟಿದಾಗಿನಿಂದ ಅದರೊಳಗೇ ಇದ್ದವಳಿಗೆ ಗೊತ್ತಾಗುತ್ತಿರಲಿಲ್ಲ. ಕಂಬಳಿಯ ತುಂಡಿನೊಳಗೆ ನಾಲ್ಕು ತಿಂಗಳ ಮಾಯಕ್ಕ ತನ್ನ ಮುಷ್ಟಿಯನ್ನೇ ಚೀಪುತ್ತಿದ್ದಳು.

ಖಾನಾಪುರದ ಆಚೆಯ ಆ ಸಣ್ಣ ದವಾಖಾನೆಯಲ್ಲಿ ತಿಂಗಳಿಗೊಂದು ಬುಧವಾರ ಕೂಸುಗಳಿಗೆ ಸೂಜಿ. ಬೆಳಗಾವಿಯ ಮೊದಲ ಬಸ್ಸಿನಲ್ಲಿ ಬರ್ಫ ತುಂಬಿದ ಥರ್ಮಾಸು ಬರುತ್ತದೆ, ಔಷಧ ಅದರೊಳಗೆ ಇರುತ್ತದೆ. ಇದನ್ನು ರೇಣವ್ವ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ತಿಳಿದುಕೊಂಡಿದ್ದಳು. ಹಿಂದಿನ ಹುಣ್ಣಿಮೆಯ ಸುಮಾರಿಗೆ ಬಾಜೂ ಹೊಲದಲ್ಲಿ ಇಳಿದಿದ್ದ ಹಣಮಪ್ಪನ ಹಟ್ಟಿಯ ಕೂಸೊಂದು ನಾಯಿಕೆಮ್ಮಿನಲ್ಲಿ ಹೋಗಿತ್ತು. ಕೆಮ್ಮಿ ಕೆಮ್ಮಿ ಕೊನೆಗೆ ಉಸಿರನ್ನು ಒಳಗೆ ಎಳೆದುಕೊಳ್ಳುವ ಸದ್ದು ಹೊಲ ದಾಟಿ ಇವಳ ಗುಡಾರದವರೆಗೆ ಬರುತ್ತಿತ್ತು. ಒಂದು ದಿನ ಬರಲಿಲ್ಲ.

"ಇವತ್ತ ನಾಯಿಕೆಮ್ಮಿನ ಸೂಜಿ ಐತಂತ್ರಿ, ಬಾಯಾರ."

"ಐತಿ. ಆದ್ರ ಬಾಟ್ಲಿ ಒಡ್ಯಾಂಗಿಲ್ಲ. ಒಂದು ಬಾಟ್ಲಿ ಅಂದ್ರ ಹತ್ತು ಕೂಸಿನ ಔಷಧ. ಒಮ್ಮೆ ಒಡದ್ರ, ಉಳದಿದ್ದೆಲ್ಲಾ ಸಂಜಿಕ ಚೆಲ್ಲಬೇಕು. ಇಲ್ಲೆ ಎಷ್ಟ ಅದಾವ ನೋಡು. ನಿಂದೂ ಹಿಡದು ಮೂರು. ಮೂರಕ್ಕ ಒಡದ್ರ ಮ್ಯಾಲಿನವ್ರು ನನ್ನ ತೊಗಲು ಸುಲೀತಾರ."

"ಮತ್ತ ಯಾವಾಗ ಬರ್ಲಿ?"

"ಮುಂದಿನ ತಿಂಗಳ ಬುಧವಾರ."

"ಮುಂದಿನ ತಿಂಗಳಕ ನಾವ ಎಲ್ಲಿರ್ತೀವೋ ಏನೋ. ಕುರಿ ಹೋದಲ್ಲಿ ನಾವು."

"ಹಂಗಾರ ನಿಮ್ಮೂರಾಗ ಹಾಕಿಸ್ಕೊ."

"ಊರಾಗ ಕೇಳಿದ್ದೆರಿ. ಕುರಿ ಹಿಂದ ಹೋಗೂ ಮಂದಿ, ಇದ್ದಲ್ಲೇ ಹಾಕಿಸ್ಕೊರಿ ಅಂದ್ರು."

ನರ್ಸಬಾಯಿ ನಕ್ಕಳು. "ನಮ್ಮ ದವಾಖಾನ್ಯಾಂವ ಸೈಕಲ್ ತುಳಕೊಂಡು ನಿಮ್ಮ ಹಟ್ಟಿತನಕ ಬಂದಿದ್ದ, ಕೂಸ ಎಷ್ಟ ಅದಾವಂತ ಬರಕೊಳ್ಳಾಕ. ನಿಮ್ಮ ಮುದುಕ ಏನಂದ ಗೊತ್ತೈತಿ? ಒಂದೂ ಇಲ್ಲ ಅಂದ. ಒಂದೂ ಇಲ್ಲದಲ್ಲಿ ನಾ ಯಾರಿಗೆ ಔಷಧ ತರಿಸ್ಲಿ? ನಿಮ್ಮ ಟಗರಿಗೇನು?"

ಕಟ್ಟೆಯ ಮೇಲಿದ್ದ ಇಬ್ಬರಲ್ಲಿ ಒಬ್ಬಳು ನಕ್ಕಳು. ಇನ್ನೊಬ್ಬಳು ನಗಲಿಲ್ಲ. ಅವಳು ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುವ ರಾಜಬೀ. ಮಗಳು ಬಿಲ್ಕೀಸ ಕೆಲಸ ಬಿಟ್ಟು ಬರುವ ಹಾಗಿರಲಿಲ್ಲವೆಂದು ಮೊಮ್ಮಗನನ್ನು ತಾನೇ ಎತ್ತಿಕೊಂಡು ಬಂದಿದ್ದಳು. ರೇಣವ್ವ ತಿರುಗಿ ನಡೆದಾಗ ಅವಳೂ ಜೊತೆಗೆ ಬಂದಳು.

"ನಂದು ಇದು ಮೂರನೇ ಬುಧವಾರ, ಬೇಟಿ. ಬಂದು ಬಾಟ್ಲೀದ ಮಾರಿ ನೋಡಿ ಹೋಗೂದು. ದರ್ಗಾಕ್ಕ ಹೋದಂಗ."

*

ಮಾವ ಸಿದರಾಯ ಹೊಲದ ಬದುವಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಸುತ್ತ ಕೊಯ್ಲಾದ ಭತ್ತದ ಗದ್ದೆಯ ಕೂಳೆ, ಅದರ ನಡುವೆ ಬಲೆ ಕಟ್ಟಿ ನಿಲ್ಲಿಸಿದ ಕುರಿಹಿಂಡು.

"ಮಾವಾ, ಆ ಸೈಕಲ್ಲಿನವಗ ಕೂಸ ಇಲ್ಲ ಅಂದ್ಯಂತ?"

"ಅಂದೆ."

"ಮಾಯಿ ನಿನ್ನ ತೊಡಿಮ್ಯಾಲ ಇರ್ಲಿಲ್ಲೇನು ಅವಾಗ?"

"ಇದ್ಲು. ಕಂಬಳಿ ಮುಚ್ಚಿದೆ."

ಕುರಿ ಎಷ್ಟು ಎಂದು ಹೊರಗಿನವರು ಕೇಳಿದರೆ ಯಾವ ಕುರುಬನೂ ಲೆಕ್ಕ ಹೇಳುವುದಿಲ್ಲ. ಹಿಂಡು ಗುಡ್ಡ ತುಂಬಿ ನಿಂತಿದ್ದರೂ 'ಅದಾವ ನಾಕು' ಎನ್ನುತ್ತಾರೆ. ಎಣಿಸಿದ್ದು ಕಡಿಮೆಯಾಗುತ್ತದೆ. ಕೂಸುಗಳಿಗೂ ಅದೇ ಮಾತು. ಆದರೆ ಸಿದರಾಯ ಕಂಬಳಿ ಮುಚ್ಚಿದ್ದು ಅದೊಂದಕ್ಕೇ ಅಲ್ಲ ಎಂಬುದು ರೇಣವ್ವನಿಗೆ ಗೊತ್ತಿತ್ತು.

ಸರ್ಕಾರ ಗಂಡಸರನ್ನು ಹಿಡಿಹಿಡಿದು ಮಕ್ಕಳಾಗದ ಆಪರೇಷನ್ ಮಾಡಿಸಿದ ವರ್ಷ ಇಂಥವನೇ ಒಬ್ಬ ಸೈಕಲ್ ಮೇಲೆ ಬಂದು ಮಕ್ಕಳೆಷ್ಟು ಎಂದು ಕೇಳಿದ್ದ. ಸಿದರಾಯನ ಹಿರಿಯ ಮಗ ಬೀರಣ್ಣ ಎದೆಯುಬ್ಬಿಸಿ ಮೂರು ಎಂದಿದ್ದ. ಆ ವಾರವೇ ಸಂತೆಯಲ್ಲಿ ಜೀಪು ನಿಂತು ಅವನನ್ನು ಎತ್ತಿ ಹಾಕಿಕೊಂಡು ಹೋಯಿತು. ತಿರುಗಿ ಬಂದವನು ಕುರಿಗಳ ಹಿಂದೆ ಕಾಲು ಅಗಲಿಸಿಕೊಂಡು ನಡೆದ. ಗಾಯ ಕೀವಾಯಿತು, ಜ್ವರ ಬಂತು. ಮುಂದಿನ ಮಳೆಗಾಲವನ್ನು ಅವನು ಕಾಣಲಿಲ್ಲ.

"ಅವ್ರು ಎಣಿಸಿದ್ದನ್ನ ಒಯ್ತಾರ," ಎಂದ ಸಿದರಾಯ.

"ಎಣಿಸದಿದ್ರೂ ಒಯ್ತಾರ ಮಾವಾ. ಹಣಮಪ್ಪನ ಕೂಸನ್ನ ಯಾರ ಎಣಿಸಿದ್ರು?"

ತಿರುಗುತ್ತಿದ್ದ ತಕಲಿ ನಿಂತಿತು. ಸಿದರಾಯ ಕೈ ಚಾಚಿ ಕೂಸನ್ನು ಇಸಿದುಕೊಂಡ.

*

ಹೊಲದ ಧಣಿ ಗುರುಪುತ್ರಪ್ಪ ಎರಡು ದಿನಗಳ ನಂತರ ಜೀಪಿನಲ್ಲಿ ದನದ ಡಾಕ್ಟರನ್ನು ಕರೆದುಕೊಂಡು ಬಂದ. ಕುರಿಯ ಹಿಕ್ಕೆ, ಕುರಿಯ ಮೂತ್ರ ಅವನ ಗದ್ದೆಗೆ ಬೇಕಾಗಿತ್ತು. ಕುರಿಯ ರೋಗ ಅವನ ಎತ್ತುಗಳಿಗೆ ಬೇಕಾಗಿರಲಿಲ್ಲ.

"ಏ ಕರೆಪ್ಪಾ, ಸೂಳೇಮಗನ, ಆ ಕುಂಟ ಕುರಿ ಯಾಕ ಹಿಂದ ಮುಚ್ಚಿಡ್ತಿ? ಒಂದೂ ಬಿಡಬ್ಯಾಡ. ನಿಮ್ಮ ರೋಗ ನನ್ನ ಎತ್ತಿಗೆ ಬಡೀತಂದ್ರ ಅದರ ಜಾಗಾದಾಗ ನಿನ್ನ ನೊಗಕ್ಕ ಹೂಡ್ತೀನಿ."

"ಇಲ್ರಿ ಸಾವ್ಕಾರ್ರ, ಮುಚ್ಚಿಟ್ಟಿಲ್ರಿ," ಎಂದು ರೇಣವ್ವನ ಗಂಡ ಕರೆಪ್ಪ ಒಂದೊಂದೇ ಕುರಿಯ ಹಿಂಗಾಲು ಹಿಡಿದು ಎಳೆದು ಕೊಡುತ್ತಿದ್ದ. ಡಾಕ್ಟರು ಚುಚ್ಚುತ್ತಿದ್ದರು. ಚುಚ್ಚಿಸಿಕೊಂಡದ್ದು ಮತ್ತೆ ಸಾಲಿಗೆ ಬರಬಾರದೆಂದು ಸಿದರಾಯ ಅದರ ಬೆನ್ನಿಗೆ ಕೆಂಪು ಹುರಮಂಜಿ ಒರೆಸುತ್ತಿದ್ದ. ಒಂದು ಬಾಟ್ಲಿ ಮುಗಿಯಿತು. ಇನ್ನೊಂದು ಒಡೆದರು. ಹಿಂಡು ಮುಗಿದಾಗ ಅದರಲ್ಲಿ ಅರ್ಧ ಉಳಿದಿತ್ತು.

"ಇದು ಇಟ್ರ ಕೆಡತೈತಿ," ಎಂದರು ಡಾಕ್ಟರು. "ಬಾಜೂಕ ಯಾರ ಕುರಿ ಅದಾವ? ಹೊಡಕೊಂಡ ಬರ್ರಿ."

ಹಣಮಪ್ಪನ ಕುರಿಗಳು ಧೂಳೆಬ್ಬಿಸಿಕೊಂಡು ಬಂದವು. ಉಳಿದ ಔಷಧ ಅವುಗಳಿಗೆ ಹೋಯಿತು. ರೇಣವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಡಾಕ್ಟರು ಕೈ ತೊಳೆಯಲು ಕುಳಿತಾಗ ಹತ್ತಿರ ಹೋಗಿ ನೀರು ಹಾಕಿದಳು.

"ಸಾಹೇಬ್ರ, ಕೂಸಿನ ಸೂಜೀನೂ ಹಿಂಗ ಹೊಲಕ್ಕ ತರಾಕ ಬರಂಗಿಲ್ಲೇನ್ರಿ? ನೀವೊಂದ ಮಾತ ಹೇಳಿದ್ರ..."

"ಅದು ನಮ್ಮ ಖಾತೆ ಅಲ್ಲ, ತಂಗಿ." ಅವರು ಅವಳ ಮುಖ ನೋಡಲಿಲ್ಲ. ನೋಡಲಾಗಲಿಲ್ಲವೇನೋ.

ಗುರುಪುತ್ರಪ್ಪ ಎಲೆಯಡಿಕೆ ಉಗುಳಿ ನಕ್ಕ. "ಕುರಿ ಹಿಕ್ಕಿ ಹಾಕತೈತಿ, ಹೊಲಕ್ಕ ಗೊಬ್ಬರಾಗತೈತಿ. ನಿನ್ನ ಕೂಸು ಏನ ಹಾಕತೈತಿ, ಅದಕ್ಕ ಸರ್ಕಾರ ಜೀಪ ಕಳಸಾಕ? ವರ್ಷಕ್ಕೊಂದ ಈಯತೀರಿ. ಹೋದ್ರ ಇನ್ನೊಂದು."

ಕರೆಪ್ಪ ಕುರಿಯ ಕಾಲು ಹಿಡಿದುಕೊಂಡೇ ಇದ್ದ. ಅದಕ್ಕೆ ಚುಚ್ಚಿಯಾಗಿತ್ತು, ಬೆನ್ನು ಕೆಂಪಾಗಿತ್ತು. ಬಿಡಬೇಕೆಂಬುದು ಅವನಿಗೆ ನೆನಪಾಗಲಿಲ್ಲ. ಕುರಿ ಒದರಿಕೊಂಡಿತು.

"ಸಾವ್ಕಾರ್ರ," ಎಂದ ಕೊನೆಗೆ, ನೆಲ ನೋಡುತ್ತ. "ಇನ್ನೊಂದ ತಿಂಗಳು ಇಲ್ಲೇ ನಿಮ್ಮ ಹೊಲದಾಗ ಕುರಿ ನಿಂದ್ರಸ್ತೀವ್ರಿ. ಮುಂದಿನ ತಿಂಗಳ ಬುಧವಾರ ಕೂಸಿಗೆ ಸೂಜಿ ಹಾಕಿಸ್ಕೊಂಡ ಹೋಗ್ತೀವಿ."

"ನಿಂದ್ರ್ರಿ, ಯಾರ ಬ್ಯಾಡಂದ್ರು? ಆದ್ರ ಕಾಳು ಕೇಳಬ್ಯಾಡ್ರಿ. ಸೂಜಿ ನಿಮ್ಮ ಗರಜು, ನಂದಲ್ಲ."

ಹಿಂಡು ನಿಲ್ಲಿಸಿದ್ದಕ್ಕೆ ಹೊಲದವರು ಕೊಡುವ ಕಾಳೇ ಅವರ ಊಟ. ಆ ರಾತ್ರಿ ಉಣ್ಣುವಾಗ ಕರೆಪ್ಪ ಹೆಂಡತಿಯ ಮುಖ ನೋಡಿದ. ಅವಳು ರೊಟ್ಟಿಯನ್ನು ಎರಡಾಗಿ ಮುರಿದು ಒಂದು ಅರ್ಧವನ್ನು ಬುಟ್ಟಿಗೆ ತಿರುಗಿ ಇಟ್ಟಳು.

*

"ಉಳದ ಔಷಧಕ್ಕ ಕುರೀನ ಹುಡುಕ್ಕೊಂಡ ಬಂದ್ರು, ರಾಜಬೀ ಅಕ್ಕಾ. ನಮ್ಮ ಕೂಸಿಗೆ ಹುಡುಕೂದು ಯಾರು?"

ಹಂಚಿನ ಭಟ್ಟಿಯ ಹಿಂದಿನ ಕೂಲಿಕಾರರ ಲೈನಿನಲ್ಲಿ ರಾಜಬೀ ಕಾಲಿಗೆ ಮೆತ್ತಿದ ಕೆಂಪು ಮಣ್ಣನ್ನು ಕೆರೆದು ತೆಗೆಯುತ್ತಿದ್ದಳು. ಕೆರೆದಷ್ಟೂ ಒಳಗಿನ ಚರ್ಮ ಕೆಂಪೇ ಇತ್ತು.

"ನಾವಽ ಹುಡುಕೂಣು," ಎಂದಳು ರೇಣವ್ವ. "ಹಿಂಡು ಕೂಡಿಸಿದಂಗ ಕೂಡಿಸೂಣು. ಹತ್ತು ಆದ್ರ ಆಕಿ ಹೆಂಗ ಒಡ್ಯಾಂಗಿಲ್ಲಂತಾಳ ನೋಡೂಣು."

"ನಿನ್ನ ತಲಿ ಕುರಿದಲ್ಲ ಬೇಟಿ, ಟಗರಿಂದು," ರಾಜಬೀ ನಕ್ಕಳು. "ಇಲ್ಲಿ ಲೈನಿನ್ಯಾಗ ಕೂಸ ಬೇಕಾದಷ್ಟ ಅದಾವ. ತಾಯಂದಿರಿಗೆ ಬಿಡುವಿಲ್ಲ. ಬುಧವಾರ ಭಟ್ಟಿ ತುಂಬೂ ದಿನ. ಅರ್ಧಾ ದಿನ ಹೋದ್ರ ಮೇಸ್ತ್ರಿ ಪೂರಾ ದಿನದ ಪಗಾರ ಕಡೀತಾನ."

"ಅಜ್ಜಿಗೋಳ ತರ್ಲಿ. ನೀ ತಂದಂಗ."

ಇಬ್ಬರೂ ಮನೆಯಿಂದ ಮನೆಗೆ ಹೋದರು. ಒಬ್ಬಳು ಜ್ವರ ಬರುತ್ತದೆಂದು ಒಲ್ಲೆ ಎಂದಳು. ಜ್ವರ ಬಂದ ಕೂಸು ರಾತ್ರಿಯಿಡೀ ಅತ್ತರೆ ಬೆಳಗ್ಗೆ ಮಣ್ಣು ಹೊರಲಾಗುವುದಿಲ್ಲ ಎಂಬುದು ಅವಳ ಕಷ್ಟ. ಒಬ್ಬಳು ಮರಾಠಿಯಲ್ಲಿ ಗಂಡನನ್ನು ಕೇಳಬೇಕು ಎಂದಳು. ಗಂಡ, "ಸೂಜಿ ಚುಚ್ಚಿ ಏನ ಕತ್ತರಸ್ತಾರೋ ಏನೋ," ಎಂದ. ಅವನಿಗೆ ರೇಣವ್ವ ಬೀರಣ್ಣನ ಕತೆ ಹೇಳಿದಳು, ಮುಚ್ಚಿಡದೆ. ಆಮೇಲೆ ಹಣಮಪ್ಪನ ಕೂಸಿನದನ್ನೂ ಹೇಳಿದಳು. ಎರಡನ್ನೂ ಕೇಳಿ ಅವನು ಬಹಳ ಹೊತ್ತು ಬೀಡಿ ಸೇದಿದ. "ಎರಡೂ ಕಡೆ ಸಾವಽ ಐತಲ್ಲ ಅಕ್ಕಾ," ಎಂದ. ಆದರೆ ಕೂಸನ್ನು ಕಳಿಸಲು ಒಪ್ಪಿದ.

ಹಣಮಪ್ಪನ ಹಟ್ಟಿಯಲ್ಲಿ ಇನ್ನೊಂದು ಕೂಸಿತ್ತು. ಕೇಳಬೇಕಾಗಲಿಲ್ಲ. ತಾಯಿ ತಾನೇ ಬಂದು ಬರುತ್ತೇನೆಂದು ಹೇಳಿ ಹೋದಳು.

ಅಂತೂ ಹತ್ತಾಯಿತು. ಮಾಯಕ್ಕ ಹತ್ತನೆಯವಳು.

*

ಕೆಮ್ಮು ಶುರುವಾದದ್ದು ಆ ಬುಧವಾರಕ್ಕೆ ಇನ್ನೂ ಒಂದು ವಾರಕ್ಕಿಂತ ಹೆಚ್ಚು ಇರುವಾಗ. ಮೊದಲು ಮೂಗು ಸೋರಿತು. ಆಮೇಲೆ ಒಂದು ಮಧ್ಯಾಹ್ನ ಮಾಯಕ್ಕ ಕೆಮ್ಮತೊಡಗಿದಳು, ಕೆಮ್ಮು ನಿಲ್ಲಲಿಲ್ಲ, ಮುಖ ನೇರಳೆ ಹಣ್ಣಿನಂತಾಯಿತು. ಕೊನೆಗೆ ಉಸಿರನ್ನು ಒಳಗೆ ಎಳೆದುಕೊಂಡಳು. ಆ ಸದ್ದನ್ನು ಗುಡಾರದಲ್ಲಿದ್ದ ಮೂವರೂ ಗುರುತಿಸಿದರು.

ದವಾಖಾನೆಗೆ ಬೀಗ ಹಾಕಿತ್ತು. ಕರೆಪ್ಪ ಒಂದು ಮರಿ ಮಾರಿ ಬಂದ. ಇಬ್ಬರೂ ಬಸ್ಸು ಹತ್ತಿ ಬೆಳಗಾವಿಗೆ ಹೋದರು. ಊರಿನ ಕ್ಯಾಂಪ್ ಭಾಗದಲ್ಲಿ ಕೂಸುಗಳ ಡಾಕ್ಟರಿದ್ದಾನೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಹಳೆಯ ಬಂಗಲೆ, ಮುಂದೆ ಕೆಂಪು ಹೂವಿನ ಬಳ್ಳಿ. ಕಂಪೌಂಡರ ಅವರನ್ನು ಬಳ್ಳಿಯ ಕೆಳಗೇ ನಿಲ್ಲಿಸಿದ.

"ನಾಯಿಕೆಮ್ಮೈತಿ, ಒಳಗ ಬರಬ್ಯಾಡ್ರಿ. ಒಳಗ ದೊಡ್ಡ ಮಂದಿ ಕೂಸ ಅದಾವ."

ತೆರೆದ ಕಿಟಕಿಯಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಬೆಳಗಾವಿಯದೇ ಸದಾಶಿವನಗರದಿಂದ ಕಾರಿನಲ್ಲಿ ಬಂದ ಹೆಣ್ಣುಮಗಳೊಬ್ಬಳು ಬಿಳಿಯ ಟೋಪಿಯ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಡಾಕ್ಟರು ಬೆರಳಿನಷ್ಟು ಸಣ್ಣ ಬಾಟ್ಲಿಯ ಕುತ್ತಿಗೆಯನ್ನು ಟಕ್ಕೆಂದು ಮುರಿದರು. ಚುಚ್ಚಿದರು. ಖಾಲಿ ಬಾಟ್ಲಿಯನ್ನು ಬುಟ್ಟಿಗೆ ಎಸೆದರು. ಕೂಸು ಅತ್ತಿತು. ತಾಯಿ ಅದರ ಬಾಯಿಗೆ ಗಿಲಕಿ ಹಿಡಿದಳು.

"ಅದು ಯಾತರ ಸೂಜಿರಿ?" ರೇಣವ್ವ ಕಂಪೌಂಡರನನ್ನು ಕೇಳಿದಳು.

"ಅದಽ. ನಾಯಿಕೆಮ್ಮು ಬರಬಾರದಂತ."

"ಒಂದ ಕೂಸಿಗೆ ಬಾಟ್ಲಿ ಒಡದ್ರಲ್ರಿ."

ಕಂಪೌಂಡರನಿಗೆ ಅರ್ಥವಾಗಲಿಲ್ಲ. "ಮತ್ತ? ಒಂದ ಕೂಸಿಗೆ ಒಂದ ಬಾಟ್ಲಿ. ನಿನಗ್ಯಾಕ ಅದೆಲ್ಲಾ? ಮೊದಲಽ ಹಾಕಿಸಿದ್ರ ಈ ರೋಗ ಬರತಿತ್ತೇನು? ನಿಮ್ಮಂಥ ಅಡ್ಡ್ಯಾಡೂ ಮಂದಿಗೆ ಹಡ್ಯಾಕ ಬರತೈತಿ, ಜ್ವಾಕಿ ಮಾಡಾಕ ಬರಂಗಿಲ್ಲ."

ಕರೆಪ್ಪ ಬಾಯಿ ತೆರೆದ. ರೇಣವ್ವ ಅವನ ಕೈ ಹಿಡಿದಳು. ಡಾಕ್ಟರು ಹೊರಗೆ ಬಂದು ಕೂಸನ್ನು ನೋಡಿದರು, ದೊಡ್ಡ ದವಾಖಾನೆಗೆ ಸೇರಿಸಿ ಎಂದರು, ಕುಡಿಸಲು ಒಂದು ಕೆಂಪು ಔಷಧ ಬರೆದುಕೊಟ್ಟರು. ದೊಡ್ಡ ದವಾಖಾನೆಯಲ್ಲಿ ಎರಡು ದಿನ ವರಾಂಡದ ನೆಲದ ಮೇಲೆ ಮಲಗಿದರು. ಸೂಜಿ ಕೊಟ್ಟರು, ಕೆಂಪು ಔಷಧ ಕೊಟ್ಟರು. ಮೂರನೆಯ ದಿನ ಕೂಸು ಹಾಲು ಕುಡಿಯಿತೆಂದು ಮನೆಗೆ ಕಳಿಸಿದರು. ಮನೆ ಎಲ್ಲಿ ಎಂದು ಯಾರೂ ಕೇಳಲಿಲ್ಲ.

*

ಬುಧವಾರ ಹೊತ್ತು ಹುಟ್ಟುವ ಮುಂಚೆ ಮಾಯಕ್ಕನ ಕೆಮ್ಮು ನಿಂತಿತು.

ರೇಣವ್ವ ಕೂಸನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಎದೆಯಲ್ಲಿ ಹಾಲು ಕಟ್ಟಿತ್ತು. ಹೊರಗೆ ಕರೆಪ್ಪ ಗುದ್ದಲಿ ಹುಡುಕುತ್ತಿದ್ದ ಸದ್ದು. ಸಿಕ್ಕರೂ ಹುಡುಕುತ್ತಿದ್ದಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ಸಿದರಾಯ ಒಳಗೆ ಬಂದು ಕೈ ಚಾಚಿದ.

"ತಾ ಯವ್ವಾ. ಬಿಸಲೇರೂದರಾಗ ಮಣ್ಣಿಗೆ ಕೊಡೂಣು."

ಅವಳು ಕೊಡಲಿಲ್ಲ.

"ಇವತ್ತ ಬುಧವಾರ, ಮಾವಾ."

ಮುದುಕ ಚಾಚಿದ ಕೈ ಇಳಿಸಿದ.

"ಮಾಯಿನ್ನ ಬಿಟ್ರ ಒಂಬತ್ತಾಗ್ತಾವ. ಒಂಬತ್ತಕ್ಕ ಆಕಿ ಒಡ್ಯಾಂಗಿಲ್ಲ."

ಗುಡಾರದ ಹೊರಗೆ ಗುದ್ದಲಿ ಹುಡುಕುವ ಸದ್ದು ನಿಂತುಹೋಯಿತು. ಬೆಳಕಾದ ಮೇಲೆ ರೇಣವ್ವ ಕೂಸಿನ ಮುಖ ತೊಳೆದಳು, ಕಣ್ಣಿಗೆ ಕಾಡಿಗೆ ಹಚ್ಚಿದಳು, ಕಂಬಳಿಯ ತುಂಡಿನಲ್ಲಿ ಕಿವಿ ಮುಚ್ಚುವಂತೆ ಸುತ್ತಿದಳು. ಸಿದರಾಯ ಕೋಲು ತೆಗೆದುಕೊಂಡು ಮುಂದೆ ನಡೆದ.

ದವಾಖಾನೆಯ ಕಟ್ಟೆಯ ಮೇಲೆ ಅಜ್ಜಿಯರು ಸಾಲಾಗಿ ಕುಳಿತಿದ್ದರು. ರಾಜಬೀ ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದಳು. ರೇಣವ್ವ ಬಂದು ಕುಳಿತಾಗ ಅವಳು ಕೂಸಿನ ಗಲ್ಲ ಮುಟ್ಟಲು ಕೈ ಚಾಚಿದಳು. ಮುಟ್ಟಿದಳು. ಕೈ ಅಲ್ಲೇ ನಿಂತಿತು. ರೇಣವ್ವ ಅವಳನ್ನೇ ನೋಡುತ್ತಿದ್ದಳು. ರಾಜಬೀ ಕೈ ಹಿಂದೆ ತೆಗೆದುಕೊಂಡು ತನ್ನ ಓಢಣಿಯನ್ನು ಎಳೆದು ಆ ಕಂಬಳಿಯ ಮೇಲೆ ಹೊದಿಸಿದಳು. ಮೊಮ್ಮಗನನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, ಉಳಿದ ಕೂಸುಗಳಿಗೂ ಮಾಯಕ್ಕನಿಗೂ ನಡುವೆ ಗೋಡೆಯ ಹಾಗೆ ಕುಳಿತಳು. ಅವಳ ತುಟಿ ಮಾತ್ರ ಅಲುಗುತ್ತಿತ್ತು.

ನರ್ಸಬಾಯಿ ಬಾಗಿಲಿಗೆ ಬಂದು ಹೌಹಾರಿದಳು. "ಇದೇನ ಜಾತ್ರಿ? ಯಾರ ಕರದ್ರು ನಿಮ್ಮನ್ನ? ಏ ಮುದುಕಾ, ನೀ ಯಾಕ ಕಟ್ಟಿ ಹತ್ತಿ? ಒಂದೂ ಕೂಸ ಇಲ್ಲ ಅಂದಾಂವ ನೀನಽ ಅಲ್ಲ?"

"ನಾನಽ," ಎಂದ ಸಿದರಾಯ. "ಇವತ್ತ ಎಣಿಸ್ತೀನಿ. ಕೇಳ್ರಿ."

ಅವನು ಸಾಲಿನ ತುದಿಗೆ ಹೋಗಿ ಮೊದಲ ಕೂಸಿನ ತಲೆಯ ಮೇಲೆ ಕೈ ಇಟ್ಟ.

"ಲಾಭ," ಎಂದ. ರಾಶಿ ಅಳೆಯುವಾಗ ಮೊದಲನೆಯದಕ್ಕೆ ಯಾರೂ ಒಂದು ಎನ್ನುವುದಿಲ್ಲ. "ಎರಡು. ಮೂರು."

ಧ್ವನಿ ರಸ್ತೆಗೆ ಕೇಳುವಷ್ಟು ದೊಡ್ಡದಾಗಿತ್ತು. ಹೊರಗಿನವರ ಎದುರು ಅಪ್ಪ ಏನನ್ನಾದರೂ ಎಣಿಸಿದ್ದನ್ನು ಕರೆಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ರಸ್ತೆಯ ಆಚೆ, ಗುದ್ದಲಿ ಹಿಡಿದು, ಇತ್ತ ಬೆನ್ನು ಹಾಕಿ ನಿಂತಿದ್ದ.

"ಎಂಟು." ಹಣಮಪ್ಪನ ಹಟ್ಟಿಯ ಕೂಸು. "ಒಂಬತ್ತು." ರಾಜಬೀಯ ಮೊಮ್ಮಗ. ಸಿದರಾಯ ರೇಣವ್ವನ ಮುಂದೆ ನಿಂತ. ಕಂಬಳಿಯ ಮೇಲೆ ಕೈ ಇಟ್ಟ. ಇಟ್ಟ ಕೈ ಏಳಲಿಲ್ಲ. ಯಾವುದೋ ಕೂಸು ಅತ್ತು ಸುಮ್ಮನಾಯಿತು.

"ಹತ್ತು."

ನರ್ಸಬಾಯಿ ತಾನೂ ಒಮ್ಮೆ ಕಣ್ಣಿನಲ್ಲೇ ಎಣಿಸಿದಳು. ಏನೋ ಗೊಣಗಿದಳು. ಥರ್ಮಾಸಿನಿಂದ ಬಾಟ್ಲಿ ತೆಗೆದು ಅದರ ಬಿಲ್ಲೆ ಕಿತ್ತಳು. ತಗಡಿನ ಬಿಲ್ಲೆ ನೆಲಕ್ಕೆ ಬಿದ್ದು ಉರುಳಿತು. ಅಜ್ಜಿಯರೆಲ್ಲ ಅದು ನಿಲ್ಲುವವರೆಗೂ ಅದನ್ನೇ ನೋಡಿದರು.

ಒಂದೊಂದೇ ಕೂಸು ಚೀರಿತು. ಅಜ್ಜಿಯರು ಬೈದರು, ರಮಿಸಿದರು, ಒಬ್ಬಳು ನರ್ಸಬಾಯಿಯ ಕೈ ಸುಟ್ಟುಹೋಗಲಿ ಎಂದು ನಗುತ್ತಲೇ ಶಪಿಸಿದಳು. ಕೊನೆಗೆ ನರ್ಸಬಾಯಿ ರೇಣವ್ವನ ಎದುರು ಬಂದಳು. ಸೂಜಿಗೆ ಔಷಧ ಎಳೆಯಲು ಬಾಟ್ಲಿ ಎತ್ತಿದಳು.

"ಹೂಂ, ಬಿಚ್ಚ ತೊಡಿ."

"ಇದಕ್ಕ ಬ್ಯಾಡ್ರಿ, ಬಾಯಾರ," ಎಂದಳು ರೇಣವ್ವ. "ಇದು ಎಣಿಕಿಗೆ ಬಂದೈತಿ."

ನರ್ಸಬಾಯಿ ಓಢಣಿ ಸರಿಸಿದಳು. ಕಾಡಿಗೆ ಹಚ್ಚಿದ ಕಣ್ಣು ಅರ್ಧ ತೆರೆದಿತ್ತು. ಅವಳ ಕೈಯ ಹತ್ತಿಯ ತುಣುಕು ಕೆಳಗೆ ಬಿತ್ತು. ಸಾಲಿನಲ್ಲಿ ಯಾರೋ ಚಿಟ್ಟನೆ ಚೀರಿ ಕೂಸನ್ನೆತ್ತಿಕೊಂಡು ಕಟ್ಟೆಯಿಂದ ಇಳಿದಳು. ಅವಳ ಹಿಂದೆ ಉಳಿದವರೂ ಇಳಿದರು. ರಾಜಬೀ ಮಾತ್ರ ಅಲುಗಲಿಲ್ಲ.

"ಇಳಿ," ಎಂದಳು ನರ್ಸಬಾಯಿ. ಇನ್ನೊಮ್ಮೆ ಅಂದಳು. "ಕಟ್ಟಿ ಇಳಿ, ಯವ್ವಾ. ಹೆಣಾ ಐತದು."

"ಬಾಟ್ಲ್ಯಾಗ ಒಬ್ಬರದು ಉಳದೈತಲ್ರಿ?"

ನರ್ಸಬಾಯಿ ಕೈಯಲ್ಲಿದ್ದ ಬಾಟ್ಲಿ ನೋಡಿದಳು.

"ಸಂಜಿಕ ಚೆಲ್ಲತೀನಿ ಅಂದಿದ್ರಿ. ಸಂಜಿತನಕ ಯಾರರೆ ಬಂದಾರು."

ರೇಣವ್ವ ಗೋಡೆಗೆ ಬೆನ್ನು ಆನಿಸಿದಳು. ಮಾಯಕ್ಕನನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದಳು, ತಲೆ ವಾಲದಂತೆ ಕೈ ಕೊಟ್ಟಳು. ಕುಪ್ಪಸ ಒದ್ದೆಯಾಗುತ್ತಿತ್ತು. ಕಣ್ಣು ರಸ್ತೆಯ ಮೇಲೆ ಇತ್ತು.

ಬಿಸಿಲು ಕಟ್ಟೆಯ ಅಂಚನ್ನು ಮುಟ್ಟಿತು. ಆಮೇಲೆ ಅವಳ ಪಾದವನ್ನು ಮುಟ್ಟಿತು. ರೇಣವ್ವ ಇಳಿಯಲಿಲ್ಲ.